ದತ್ತು ಮತ್ತು ಸಾಕು: ತಿಳಿವಳಿಕೆ ಬಂದ ಮಗುವಿನ ಸ್ವೀಕಾರ

ಅನ್ಯರ ಮಗು ತನ್ನ ಮನೆಯ ಮಗುವಾಗಿ ಬೆಳೆಯುವ ಎರಡು ಬಗೆಗಳಿಗೆ ಕನ್ನಡದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಒಬ್ಬನು ದತ್ತುಮಗ, ಇನ್ನೊಬ್ಬನು ಸಾಕುಮಗ. ಮೊದಲನೆಯದು ಸಂಸ್ಕೃತ ಮೂಲದ ಮಾತು. ದತ್ತ ಎಂದರೆ ಕೊಡಲ್ಪಟ್ಟವನು. ಎರಡನೆಯದು ಅಚ್ಚಗನ್ನಡ, ಸಾಕಿದರೆಂಬ ಸಂಗತಿಯೊಂದನ್ನೇ ಅದು ಹೇಳುತ್ತದೆ. ದತ್ತುಮಗನಿಗೆ ಗೋತ್ರವುಂಟು, ಪಿಂಡದಾನದ ಅಧಿಕಾರವುಂಟು, ಆಸ್ತಿಯ ಹಕ್ಕುಂಟು. ಸಾಕುಮಗನಿಗೆ ಅನ್ನವುಂಟು, ಅಕ್ಕರೆಯುಂಟು, ಯಜಮಾನನು ಮನಸ್ಸು ಮಾಡಿ ಬರೆದುಕೊಟ್ಟರೆ ಒಂದಿಷ್ಟು ಹೊಲ ಮನೆಯೂ ಉಂಟು. ಹಕ್ಕೆಂಬುದು ಮಾತ್ರ ಇಲ್ಲ. ದತ್ತು ಕೊಡುವುದು, ದತ್ತು ತೆಗೆದುಕೊಳ್ಳುವುದು ಎಂಬ ಬಳಕೆಗಳಲ್ಲಿ ಕರ್ತೃಗಳು ಹಿರಿಯರೇ. ಮಗುವಿನ ಪಾಲಿಗೆ ಉಳಿದಿರುವ ಕ್ರಿಯಾಪದ ಒಂದೇ: ಅದು ದತ್ತು 'ಹೋಗುತ್ತದೆ'. ಹೋಗಲು ಅದಕ್ಕೆ ಮನಸ್ಸಿತ್ತೇ ಎಂದು ಈ ಮಾತು ಕೇಳುವುದಿಲ್ಲ.

ಹಸುಗೂಸಿನ ವಿಷಯದಲ್ಲಿ ಹಾಗೆ ಕೇಳುವ ಪ್ರಸಂಗವೂ ಇಲ್ಲ. ಆದರೆ ಆರೋ ಎಂಟೋ ಹನ್ನೆರಡೋ ವರ್ಷ ತುಂಬಿದ ಮಗುವಿನ ಸಂಗತಿ ಬೇರೆ. ಹೆತ್ತವರ ಮುಖ ನೆನಪಿರುವ, ಮಕ್ಕಳ ಪಾಲನಾಗೃಹದಲ್ಲಿ ಕೆಲವು ವರ್ಷ ಕಳೆದು ಆಮೇಲೆ ಒಂದು ಕುಟುಂಬದ ಆರೈಕೆಗೆ ಒಪ್ಪಿಸಲ್ಪಟ್ಟಿರುವ ಮಕ್ಕಳು ಇಂದು ದೇಶದ ಎಲ್ಲ ದೊಡ್ಡ ನಗರಗಳಲ್ಲಿಯೂ ಇದ್ದಾರೆ. ಹಳೆಯ ಮಾತಿನಲ್ಲಿ ಹೇಳುವುದಾದರೆ ಇವರು ಮೊದಲು ಸಾಕುಮಕ್ಕಳು, ಅನಂತರ ದತ್ತುಮಕ್ಕಳಾಗಬಹುದಾದವರು. ಇಂಥ ಮಗುವನ್ನು ತನ್ನದನ್ನಾಗಿ ಸ್ವೀಕರಿಸಬಹುದೆ, ಸ್ವೀಕರಿಸುವಾಗ ಅದರ ಇಚ್ಛೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಇತ್ತೀಚಿನದೆಂದು ತೋರಬಹುದು. ವಾಸ್ತವವಾಗಿ ಭಾರತೀಯ ವಾಙ್ಮಯದಲ್ಲಿ ದೊರೆಯುವ ಅತ್ಯಂತ ಹಳೆಯ ದತ್ತಸ್ವೀಕಾರದ ಕಥೆಯೇ ಬೆಳೆದ ಹುಡುಗನೊಬ್ಬನ ಕಥೆಯಾಗಿದೆ.

ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಬರುವ ಶುನಃಶೇಪನ ಆಖ್ಯಾನ ವಾಚಕರಿಗೆ ಪರಿಚಿತವಾದುದೇ. ಹಸಿವಿನಿಂದ ಕಂಗೆಟ್ಟ ಅಜೀಗರ್ತನು ನೂರು ಹಸುಗಳಿಗೆ ತನ್ನ ನಡುವಣ ಮಗನನ್ನು ಮಾರಿದನು. ಹಿರಿಯವನನ್ನು ತಂದೆ ಬಿಡಲಿಲ್ಲ, ಕಿರಿಯವನನ್ನು ತಾಯಿ ಬಿಡಲಿಲ್ಲ. ಯೂಪಕ್ಕೆ ಕಟ್ಟಲು ಇನ್ನು ನೂರು, ಕೊಲ್ಲಲು ಮತ್ತೆ ನೂರು ಹಸುಗಳನ್ನು ಆ ತಂದೆಯೇ ಕೇಳಿ ಪಡೆದನು. ದೇವತೆಗಳನ್ನು ಸ್ತುತಿಸಿ ಬಂಧಮುಕ್ತನಾದ ಹುಡುಗನು ನೇರವಾಗಿ ಹೋಗಿ ವಿಶ್ವಾಮಿತ್ರನ ತೊಡೆಯ ಮೇಲೆ ಕುಳಿತನು. ಅಜೀಗರ್ತನು ಮಗನನ್ನು ಮರಳಿ ಬೇಡಿದಾಗ, ಕೈಯಲ್ಲಿ ಕತ್ತಿ ಹಿಡಿದ ತಂದೆಯನ್ನು ತಾನು ಕಂಡಾಗಿದೆಯೆಂದು ಹೇಳಿ ಹುಡುಗನು ನಿರಾಕರಿಸಿದನು. ವಿಶ್ವಾಮಿತ್ರನು ಅವನಿಗೆ ದೇವರಾತನೆಂದು ಹೊಸ ಹೆಸರನ್ನಿಟ್ಟು ಜ್ಯೇಷ್ಠಪುತ್ರನ ಸ್ಥಾನವನ್ನಿತ್ತನು. ಈ ಆಖ್ಯಾನದ ಉತ್ತರಭಾಗವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ವಿಶ್ವಾಮಿತ್ರನಿಗೆ ಮೊದಲೇ ನೂರು ಮಂದಿ ಮಕ್ಕಳಿದ್ದರು. ಮಧುಚ್ಛಂದಸನೂ ಅವನಿಗಿಂತ ಕಿರಿಯರೂ ಹೊಸಬನನ್ನು ಅಣ್ಣನೆಂದು ಒಪ್ಪಿದರು. ಹಿರಿಯ ಐವತ್ತು ಮಂದಿ ಒಪ್ಪದೆ ತಂದೆಯ ಶಾಪಕ್ಕೆ ಗುರಿಯಾಗಿ ದೇಶಾಂತರಕ್ಕೆ ಹೋದರು. ಮಾರುವ ತಂದೆ, ಆಯ್ದುಕೊಳ್ಳುವ ಮಗ, ಬದಲಾಗುವ ಹೆಸರು, ಒಪ್ಪದ ಒಡಹುಟ್ಟಿದವರು: ಬೆಳೆದ ಮಗುವಿನ ಸ್ವೀಕಾರದಲ್ಲಿ ಇಂದಿಗೂ ಏಳುವ ತೊಡಕುಗಳಲ್ಲಿ ಬಹುಪಾಲು ಆ ಒಂದು ಆಖ್ಯಾನದಲ್ಲಿಯೇ ಅಡಗಿವೆ.

ಸ್ಮೃತಿಕಾರರು ಹೇಳುವ ಹನ್ನೆರಡು ವಿಧದ ಪುತ್ರರಲ್ಲಿ ದತ್ತಕನು ಒಬ್ಬನು ಮಾತ್ರ. ಆಪತ್ಕಾಲದಲ್ಲಿ ತಾಯಿತಂದೆಗಳು ನೀರೆರೆದು ಕೊಟ್ಟವನನ್ನು ಮನುವು ಆ ಹೆಸರಿನಿಂದ ಕರೆದಿದ್ದಾನೆ. ಈ ಪಟ್ಟಿಯಲ್ಲಿ ಇನ್ನೂ ಮೂವರು ಪ್ರಸ್ತುತ ವಿಷಯಕ್ಕೆ ಹತ್ತಿರದವರು. ತಾಯಿತಂದೆಗಳು ತೊರೆದುದನ್ನು ಬೇರೊಬ್ಬರು ಎತ್ತಿಕೊಂಡು ಬೆಳೆಸಿದರೆ ಅಂಥವನು ಅಪವಿದ್ಧ. ಗುಣದೋಷಗಳನ್ನು ವಿವೇಚಿಸಬಲ್ಲ ಹುಡುಗನನ್ನು ಪುತ್ರನನ್ನಾಗಿ ಮಾಡಿಕೊಂಡರೆ ಅವನು ಕೃತ್ರಿಮ. ತಾಯಿತಂದೆಗಳಿಲ್ಲದವನು, ಅಥವಾ ಕಾರಣವಿಲ್ಲದೆ ಅವರಿಂದ ತ್ಯಜಿಸಲ್ಪಟ್ಟವನು, ತಾನಾಗಿಯೇ ಬಂದು ತನ್ನನ್ನು ಒಪ್ಪಿಸಿಕೊಂಡರೆ ಅವನು ಸ್ವಯಂದತ್ತ. ಕಡೆಯ ಇಬ್ಬರ ವಿಷಯದಲ್ಲಿ ಹುಡುಗನಿಗೆ ತಿಳಿವಳಿಕೆ ಬಂದಿರಬೇಕೆಂಬುದು ಲಕ್ಷಣದಲ್ಲಿಯೇ ಸೇರಿದೆ. ಸ್ವಯಂದತ್ತನನ್ನು ಮನುವು ದಾಯಾದರಲ್ಲದ ಆರು ಮಂದಿಯ ಗುಂಪಿಗೆ ತಳ್ಳಿರುವನು; ತನ್ನ ಇಚ್ಛೆಯಿಂದ ಮಗನಾದವನಿಗೆ ಹಕ್ಕಿನಲ್ಲಿ ಕಡಿಮೆಯ ಸ್ಥಾನ ದೊರೆತುದು ಗಮನಾರ್ಹ.

ಈ ಲಕ್ಷಣಗಳನ್ನು ವಿವರಿಸಿದ ಗ್ರಂಥಗಳಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದುದು ಕನ್ನಡ ನಾಡಿನಲ್ಲಿ ರಚಿತವಾದ ಮಿತಾಕ್ಷರಾ. ಇಂದಿನ ಬಸವಕಲ್ಯಾಣವಾದ ಅಂದಿನ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಕೃತ್ರಿಮಪುತ್ರನ ವಿಷಯದಲ್ಲಿ ಆತನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ: ಪುತ್ರನನ್ನು ಬಯಸುವವನು ಹಣವನ್ನೂ ಭೂಮಿಯನ್ನೂ ತೋರಿಸಿ ಹುಡುಗನಲ್ಲಿ ಆಸೆ ಹುಟ್ಟಿಸುತ್ತಾನೆ, ಹುಡುಗನು ತಾಯಿತಂದೆಗಳಿಲ್ಲದವನಾಗಿರಬೇಕು, ಏಕೆಂದರೆ ಅವರಿದ್ದರೆ ಅವನು ಅವರಿಗೆ ಅಧೀನನು. ಇಲ್ಲಿ ಎರಡು ವಿಚಾರಗಳು ಕಾಣುತ್ತವೆ. ಹೆತ್ತವರಿಲ್ಲದ ಹುಡುಗನ ಸಮ್ಮತಿ ಕಾನೂನಿನಲ್ಲಿ ಸಮ್ಮತಿಯೇ ಎಂಬುದು ಒಂದು. ಆ ಸಮ್ಮತಿಯನ್ನು ಆಮಿಷದಿಂದ ಪಡೆಯಬಹುದೆಂಬ ಲೋಕಜ್ಞಾನ ಇನ್ನೊಂದು. ಒಂಬೈನೂರು ವರ್ಷಗಳ ತರುವಾಯ ಮಕ್ಕಳ ಕಲ್ಯಾಣದ ಅಧಿಕಾರಿಗಳನ್ನು ಕಾಡುತ್ತಿರುವುದೂ ಈ ಎರಡು ವಿಚಾರಗಳೇ.

ಕಾಲಕ್ರಮದಲ್ಲಿ ಔರಸ ಮತ್ತು ದತ್ತಕರನ್ನುಳಿದು ಮಿಕ್ಕ ಪುತ್ರರೆಲ್ಲ ಕಲಿಯುಗಕ್ಕೆ ವರ್ಜ್ಯರೆಂಬ ಅಭಿಪ್ರಾಯ ಬೆಳೆಯಿತು. ಕೃತ್ರಿಮವು ಮಿಥಿಲೆಯಲ್ಲಿ ಮಾತ್ರ ಉಳಿದುಕೊಂಡಿತು. ಅಲ್ಲಿ ಸ್ವೀಕೃತನ ಸಮ್ಮತಿ ಅನಿವಾರ್ಯ, ವಯಸ್ಸಿನ ಮಿತಿಯಿಲ್ಲ, ಅವನು ತನ್ನ ಜನಕಕುಲದ ಹಕ್ಕುಗಳನ್ನೂ ಕಳೆದುಕೊಳ್ಳುವುದಿಲ್ಲ. ಹಿಂದಿನ ಬದುಕನ್ನು ಅಳಿಸದೆ ಹೊಸ ಸಂಬಂಧವನ್ನು ಕಟ್ಟಿದ ವ್ಯವಸ್ಥೆಯಿದು. ಉಳಿದೆಡೆಗಳಲ್ಲಿ ದತ್ತಕನೊಬ್ಬನೇ ನಿಂತನು. ದತ್ತಕನ ವಿಷಯದಲ್ಲಿ ಹಿರಿಯರ ಇಚ್ಛೆ ಸಾಕಾಗಿತ್ತು.

ಇದಾದ ಮೇಲೆ ಹುಟ್ಟಿಕೊಂಡುದು ವಯಸ್ಸಿನ ವಾದ. ನಂದಪಂಡಿತನ ದತ್ತಕಮೀಮಾಂಸೆಯು ಐದು ವರ್ಷ ದಾಟಿದವನನ್ನು ಸ್ವೀಕರಿಸಕೂಡದೆಂದಿತು. ದತ್ತಕಚಂದ್ರಿಕೆಯು ಉಪನಯನದವರೆಗೆ ಅವಕಾಶ ಕೊಟ್ಟಿತು. ಜನಕನ ಗೋತ್ರದಲ್ಲಿ ಸಂಸ್ಕಾರಗಳು ನಡೆದುಹೋದ ಮೇಲೆ ಹುಡುಗನು ಆ ಕುಲದವನೇ ಆಗಿಬಿಡುವನೆಂಬುದು ಇದರ ತರ್ಕ. ಧಾರ್ಮಿಕ ಪರಿಭಾಷೆಯನ್ನು ತೆಗೆದಿಟ್ಟು ನೋಡಿದರೆ, ಬೆಳೆದ ಮಗುವಿಗೆ ತನ್ನದೇ ಆದ ಪೂರ್ವವೃತ್ತಾಂತವಿದೆಯೆಂಬ ಅರಿವೇ ಇಲ್ಲಿರುವುದು. ಅರಿವು ಸರಿ, ಅದರಿಂದ ಹೊರಟ ತೀರ್ಮಾನ ಮಾತ್ರ ಮಗುವಿಗೆ ಬಾಗಿಲು ಮುಚ್ಚಿತು. ಐದು ವರ್ಷಗಳ ನಿಯಮಕ್ಕೆ ಆಧಾರವಾಗಿ ಕಾಳಿಕಾಪುರಾಣದ ವಚನವೊಂದನ್ನು ಎತ್ತಿಹೇಳುವುದುಂಟು. ಹದಿನೇಳನೆಯ ಶತಮಾನದಲ್ಲಿ ವ್ಯವಹಾರಮಯೂಖವನ್ನು ಬರೆದ ನೀಲಕಂಠಭಟ್ಟನು ಆ ವಚನ ತಾನು ಕಂಡ ಎರಡು ಮೂರು ಪ್ರತಿಗಳಲ್ಲಿ ಇಲ್ಲವಾದುದರಿಂದ ಅದನ್ನು ನಂಬಲಾಗದೆಂದು ತಳ್ಳಿಹಾಕಿದನು. ಹಸ್ತಪ್ರತಿಗಳನ್ನು ಹೋಲಿಸಿನೋಡುವ ಶಿಸ್ತು ಒಂದು ಸಾಮಾಜಿಕ ಪ್ರಶ್ನೆಯನ್ನು ಬಗೆಹರಿಸಿದ ನಿದರ್ಶನವಾಗಿ ಈ ಸಂಗತಿಯನ್ನು ಸಂಶೋಧಕರು ನೆನೆಯತಕ್ಕದ್ದು. ಮದುವೆಯಾಗಿ ಮಗ ಹುಟ್ಟಿದವನನ್ನು ಕೂಡ ದತ್ತಕವಾಗಿ ಸ್ವೀಕರಿಸಬಹುದೆಂಬ ತನ್ನ ತಂದೆಯ ಮತವನ್ನೂ ನೀಲಕಂಠನು ಉಲ್ಲೇಖಿಸುತ್ತಾನೆ.

ಬ್ರಿಟಿಷರ ನ್ಯಾಯಾಲಯಗಳು ಈ ಮತಭೇದವನ್ನು ಪ್ರಾಂತಭೇದವನ್ನಾಗಿ ಮಾಡಿದುವು. ಮುಂಬಯಿ ಪ್ರಾಂತದಲ್ಲಿ ಯಾವ ವಯಸ್ಸಿನವನನ್ನಾದರೂ ದತ್ತು ತೆಗೆದುಕೊಳ್ಳಬಹುದಾಯಿತು. ಮದರಾಸು ಪ್ರಾಂತದಲ್ಲಿ ದ್ವಿಜರಿಗೆ ಉಪನಯನ, ಸಗೋತ್ರದವರಿಗೆ ಮತ್ತು ಇತರ ವರ್ಣದವರಿಗೆ ವಿವಾಹ ಮಿತಿಯಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಒಂದು ಕಡೆ, ಬಳ್ಳಾರಿ ಇನ್ನೊಂದು ಕಡೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ವಂಶ ಮುಂದುವರಿಯಲು ಹೆಣ್ಣನ್ನೇ ಸ್ವೀಕರಿಸುವ ರೂಢಿ ಮತ್ತೊಂದು. ಊರು ಬಿಟ್ಟು ಬಂದ ಹಿಂದೂ ಕುಟುಂಬವು ತನ್ನ ಮೂಲಸ್ಥಾನದ ಧರ್ಮಶಾಸ್ತ್ರಪದ್ಧತಿಯನ್ನು ಜೊತೆಯಲ್ಲಿ ಹೊತ್ತು ತರುತ್ತದೆಂಬುದು ನ್ಯಾಯಾಲಯಗಳ ಸಿದ್ಧಾಂತವಾಗಿತ್ತು. ಆದುದರಿಂದ ಮುಂಬಯಿಯ ಒಂದೇ ಚಾಳಿನಲ್ಲಿ ನೆರೆಹೊರೆಯವರಾಗಿದ್ದ ಧಾರವಾಡದವರಿಗೂ ಬಳ್ಳಾರಿಯವರಿಗೂ ಹನ್ನೆರಡು ವರ್ಷದ ಹುಡುಗನ ವಿಷಯದಲ್ಲಿ ಎರಡು ಕಾನೂನುಗಳು ಅನ್ವಯಿಸಬಹುದಾಗಿತ್ತು.

ಮುಂಬಯಿ ಪದ್ಧತಿಯ ಔದಾರ್ಯವನ್ನು ಕಂಡು ಮಗುವಿನ ಹಿತವನ್ನು ಅದು ಮುಂದಿಟ್ಟಿತೆಂದು ಭಾವಿಸಲಾಗದು. ಬೆಳೆದವನನ್ನು ದತ್ತು ತೆಗೆದುಕೊಳ್ಳುತ್ತಿದ್ದುದು ಬಹುಮಟ್ಟಿಗೆ ಜಹಗೀರನ್ನೋ ವತನವನ್ನೋ ಅಂಗಡಿಯನ್ನೋ ನಡೆಸಿಕೊಂಡು ಹೋಗಲು. ೧೮೨೪ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಾಡಿಕೊಂಡ ದತ್ತಕವನ್ನು ಕಂಪನಿ ಸರಕಾರ ಒಪ್ಪದೆ ಹೋದುದರಿಂದ ರಾಣಿ ಚೆನ್ನಮ್ಮನ ಯುದ್ಧವೇ ನಡೆಯಿತು. ಆ ಇತಿಹಾಸದಲ್ಲಿ ಸಂಸ್ಥಾನದ ಹಕ್ಕಿನ ಚರ್ಚೆ ತುಂಬಿದೆ. ದತ್ತುಪುತ್ರ ಶಿವಲಿಂಗಪ್ಪನ ಮನಸ್ಸಿನಲ್ಲಿ ಏನಿತ್ತೆಂಬುದು ಯಾವ ಕಾಗದದ ವಿಷಯವೂ ಆಗಲಿಲ್ಲ.

೧೯೫೬ರ ಡಿಸೆಂಬರ್ ೨೧ರಂದು ಜಾರಿಗೆ ಬಂದ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಪ್ರಾಂತಭೇದವನ್ನು ಬಹುಮಟ್ಟಿಗೆ ನಿವಾರಿಸಿತು. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದಾಯಿತು, ಹೋಮ ಅನಿವಾರ್ಯವಲ್ಲವೆಂದಾಯಿತು. ಮಗುವಿಗೆ ಹದಿನೈದು ವರ್ಷ ತುಂಬಿರಕೂಡದು, ವಿವಾಹವಾಗಿರಕೂಡದು. ರೂಢಿಯಿದ್ದಲ್ಲಿ ಮಾತ್ರ ಈ ಎರಡಕ್ಕೂ ವಿನಾಯಿತಿಯುಂಟು. ಹಳೆಯ ಮುಂಬಯಿ ಪ್ರಾಂತದ ರೂಢಿ ಈ ವಿನಾಯಿತಿಯ ಆಶ್ರಯದಲ್ಲಿ ಇನ್ನೂ ಬದುಕಿದೆ. ತಾಯಿತಂದೆಗಳೇ ಕೊಡುವಾಗ ಮಗುವನ್ನು ಏನೂ ಕೇಳಬೇಕಾಗಿಲ್ಲ. ಆದರೆ ಅವರಿಲ್ಲದೆ ಪಾಲಕನು ಕೊಡುವ ಸಂದರ್ಭದಲ್ಲಿ ನ್ಯಾಯಾಲಯದ ಅನುಮತಿ ಬೇಕು. ಅನುಮತಿ ನೀಡುವ ಮೊದಲು ಮಗುವಿನ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನು ಗಮನಿಸತಕ್ಕದ್ದೆಂದು ಒಂಬತ್ತನೆಯ ಕಲಮು ಹೇಳುತ್ತದೆ. ೧೯೬೨ರ ತಿದ್ದುಪಡಿಯಿಂದ ತ್ಯಜಿಸಲ್ಪಟ್ಟ ಮತ್ತು ಹೆತ್ತವರಾರೆಂದು ತಿಳಿಯದ ಮಕ್ಕಳೂ ಇದರ ವ್ಯಾಪ್ತಿಗೆ ಬಂದರು. ಶತಮಾನಗಳ ಹಿಂದೆ ಕಲಿವರ್ಜ್ಯವೆಂದು ಬಿಟ್ಟುಕೊಟ್ಟಿದ್ದ ಸ್ವಯಂದತ್ತನ ಮನಸ್ಸು ಹೀಗೆ ಒಂದು ಉಪಕಲಮಿನ ಮೂಲಕ ಹಿಂದೂ ಕಾನೂನಿಗೆ ಮರಳಿ ಪ್ರವೇಶಿಸಿತೆನ್ನಬಹುದು.

ಈಗ ಪಾಲನಾಗೃಹದ ಮಕ್ಕಳಿಗೆ ಅನ್ವಯಿಸುವುದು ೨೦೧೬ರ ಜನವರಿಯಲ್ಲಿ ಜಾರಿಗೆ ಬಂದ, ೨೦೧೫ರ ಬಾಲನ್ಯಾಯ ಅಧಿನಿಯಮ. ಇದು ಮತಧರ್ಮಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿದೆ; ಹದಿನೆಂಟು ತುಂಬುವವರೆಗೂ ಮಗುವೆಂದೇ ಎಣಿಸುತ್ತದೆ. ಆದರೆ ಪಾಲನಾಗೃಹದಲ್ಲಿರುವ ಪ್ರತಿಯೊಂದು ಮಗುವೂ ದತ್ತು ಹೋಗಬಲ್ಲ ಮಗುವಲ್ಲ. ಅದು ದತ್ತಕಕ್ಕೆ ಕಾನೂನುರೀತ್ಯಾ ಮುಕ್ತವೆಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಘೋಷಿಸಬೇಕು. ಅನಾಥ ಅಥವಾ ತ್ಯಕ್ತ ಮಗುವಾದರೆ ಹೆತ್ತವರನ್ನು ಹುಡುಕುವ ಪ್ರಯತ್ನ ನಡೆಸಿ, ಎರಡು ವರ್ಷದೊಳಗಿನದಕ್ಕೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಕ್ಕೆ ನಾಲ್ಕು ತಿಂಗಳೊಳಗೆ ತೀರ್ಮಾನವಾಗಬೇಕು. ಹೆತ್ತವರೇ ತಂದೊಪ್ಪಿಸಿದ್ದರೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವುಂಟು. ಬೆಳೆದ ಮಕ್ಕಳಲ್ಲಿ ಬಹಳ ಮಂದಿ ನಿಜವಾದ ಅನಾಥರಲ್ಲ. ಎಲ್ಲಿಯೋ ಒಬ್ಬ ತಾಯಿ ಇದ್ದಾಳೆ; ರೋಗದಿಂದಲೋ ಬಡತನದಿಂದಲೋ ಸೆರೆವಾಸದಿಂದಲೋ ಸಾಕಲಾರಳು, ಆದರೆ ಬಿಟ್ಟುಕೊಟ್ಟೆನೆಂದು ರುಜು ಹಾಕಲೂ ಒಲ್ಲಳು. ಅವಳು ಬರುವಳೆಂದು ಕಾಯುತ್ತ ಮಗು ಬೆಳೆದುಬಿಡುತ್ತದೆ.

ಇಂಥ ಮಕ್ಕಳಿಗಾಗಿಯೇ ಇರುವುದು ಅದೇ ಕಾನೂನಿನ ೪೪ನೆಯ ಕಲಮಿನಲ್ಲಿ ಹೇಳಿರುವ ಪೋಷಕ ಕುಟುಂಬದ ವ್ಯವಸ್ಥೆ. ಸಮಿತಿಯ ಆದೇಶದಿಂದ ಮಗುವು ರಕ್ತಸಂಬಂಧವಿಲ್ಲದ ಕುಟುಂಬವೊಂದರಲ್ಲಿ ಗೊತ್ತಾದ ಅವಧಿಯವರೆಗೆ ಬೆಳೆಯುತ್ತದೆ. ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿಡಬೇಕು. ಮಗುವಿನ ಹಿತಕ್ಕೆ ಬಾಧಕವಾಗದಿದ್ದರೆ ಹೆತ್ತವರು ಆಗಾಗ ಬಂದು ನೋಡಿಹೋಗಲು ಸಮಿತಿ ಅನುಮತಿ ಕೊಡಬಹುದು. ಆರು ವರ್ಷ ದಾಟಿದ ಮಕ್ಕಳಿಗಾಗಿ ಈ ಏರ್ಪಾಡು. ಮಗುವಿನ ಖರ್ಚಿಗೆಂದು ತಿಂಗಳಿಗೆ ೪,೦೦೦ ರೂಪಾಯಿಯ ನೆರವನ್ನು ಮಿಷನ್ ವಾತ್ಸಲ್ಯ ಯೋಜನೆ ಗೊತ್ತುಪಡಿಸಿದೆ. ೨೦೧೬ರ ಮಾರ್ಗಸೂಚಿಯಲ್ಲಿ ದಂಪತಿಗಳಿಗೆ ಮಾತ್ರ ಈ ಅವಕಾಶವಿದ್ದಿತು. ೨೦೨೪ರಲ್ಲಿ ಪರಿಷ್ಕೃತವಾದ ಮೇಲೆ ಮೂವತ್ತೈದು ದಾಟಿದ ಅವಿವಾಹಿತರೂ ವಿಧವೆ ವಿಧುರರೂ ವಿಚ್ಛೇದಿತರೂ ಪೋಷಕರಾಗಬಹುದಾಗಿದೆ. ಒಂಟಿ ಪುರುಷನಿಗೆ ಗಂಡುಮಗುವನ್ನು ಮಾತ್ರ ಕೊಡುತ್ತಾರೆ.

ಪೋಷಕರು ಆ ಮಗುವನ್ನೇ ದತ್ತು ತೆಗೆದುಕೊಳ್ಳಲು ಮೊದಲು ಐದು ವರ್ಷ ಕಾಯಬೇಕಾಗಿತ್ತು. ಈಗ ಎರಡು ವರ್ಷ ಸಾಕು, ಆ ವೇಳೆಗೆ ಮಗು ಮುಕ್ತವೆಂದು ಘೋಷಿತವಾಗಿದ್ದರೆ. ಐದನ್ನು ಎರಡಕ್ಕಿಳಿಸಿದ್ದು ಸಣ್ಣ ಮಾರ್ಪಾಡೆಂದು ತೋರಬಹುದು. ಏಳನೆಯ ವರ್ಷಕ್ಕೆ ಮನೆಗೆ ಬಂದ ಹುಡುಗಿಗೆ ಅದು ಒಂಬತ್ತಕ್ಕೂ ಹನ್ನೆರಡಕ್ಕೂ ಇರುವ ಅಂತರ. ಅಷ್ಟು ವರ್ಷ ಒಂದು ಮನೆಯಲ್ಲಿ ಉಂಡು ಉಟ್ಟು ಬೆಳೆದೂ, ನಾಳೆ ಎಲ್ಲಿರುವೆನೋ ಎಂದು ಅನುಮಾನಿಸುವ ಮಗುವಿನ ಸ್ಥಿತಿಯನ್ನು ಸಾಕುಮಗ ಎಂಬ ಹಳೆಯ ಮಾತು ಚೆನ್ನಾಗಿ ಬಲ್ಲದು.

ಪೋಷಕರಾಗದೆ ನೇರವಾಗಿ ದತ್ತಕಕ್ಕೆ ಬರುವವರು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಈ ಗೃಹಾಧ್ಯಯನದಲ್ಲಿ ಮನೆಯಲ್ಲಿ ಈಗಾಗಲೇ ಇರುವ ಮಕ್ಕಳ ಮನೋಭಾವವನ್ನೂ ವಿಚಾರಿಸುತ್ತಾರೆ. ವಿಶ್ವಾಮಿತ್ರನ ಹಿರಿಯ ಐವತ್ತು ಮಕ್ಕಳನ್ನು ಮೊದಲೇ ವಿಚಾರಿಸಿದ್ದರೆ ಶಾಪದ ಪ್ರಮೇಯ ಬರುತ್ತಿರಲಿಲ್ಲ. ದಂಪತಿಗಳ ವಯಸ್ಸನ್ನು ಕೂಡಿಸಿ ನೋಡುವ ನಿಯಮವೊಂದಿದೆ: ೨೦೨೨ರ ನಿಯಮಾವಳಿಯಂತೆ ಎರಡು ವರ್ಷದೊಳಗಿನ ಮಗುವಿಗೆ ಮೊತ್ತ ೮೫ನ್ನು ಮೀರಕೂಡದು, ಎಂಟು ದಾಟಿದ ಮಗುವಿಗೆ ೧೧೦ರವರೆಗೆ ಇರಬಹುದು. ಮಗುವಿಗೂ ಪಾಲಕರಿಗೂ ಕನಿಷ್ಠ ಇಪ್ಪತ್ತೈದು ವರ್ಷಗಳ ಅಂತರ ಬೇಕು. ತಡವಾಗಿ ಮನಸ್ಸು ಮಾಡಿದ, ಐವತ್ತರ ಆಸುಪಾಸಿನ ದಂಪತಿಗಳಿಗೆ ಬೆಳೆದ ಮಗುವಿನ ದಾರಿ ಹೀಗೆ ತೆರೆದಿದೆ. ಆದರೂ ಹೆಸರು ಬರೆಸಿದವರಲ್ಲಿ ಬಹುಮಂದಿ ಕೇಳುವುದು ಎಳೆಗೂಸನ್ನೇ. ೨೦೨೪-೨೫ರಲ್ಲಿ ದತ್ತು ಹೋದ ಮಕ್ಕಳು ೪,೫೧೫. ಅವರಲ್ಲಿ ೪,೧೫೫ ಮಂದಿ ದೇಶದೊಳಗಿನ ಮನೆಗಳಿಗೇ ಹೋದರು. ಹಿಂದಿನ ಹನ್ನೆರಡು ವರ್ಷಗಳಲ್ಲಿ ಇದೇ ಹೆಚ್ಚಿನ ಸಂಖ್ಯೆಯಾದರೂ ಕಾಯುತ್ತಿರುವ ದಂಪತಿಗಳ ಪಟ್ಟಿ ಇದಕ್ಕಿಂತ ಎಷ್ಟೋ ಉದ್ದವಾಗಿದೆ. ಒಂದು ಕಡೆ ಕೂಸಿಗಾಗಿ ವರ್ಷಗಟ್ಟಲೆ ಕಾಯುವ ಮನೆಗಳು, ಇನ್ನೊಂದು ಕಡೆ ಕೇಳುವವರಿಲ್ಲದೆ ಬೆಳೆಯುವ ಮಕ್ಕಳು ಎಂಬ ವೈಪರೀತ್ಯಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲ.

೨೦೨೨ರ ಸೆಪ್ಟೆಂಬರ್‌ನಿಂದ ದತ್ತಕದ ಆಜ್ಞೆಯನ್ನು ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿ ಹೊರಡಿಸುತ್ತಾನೆ. ಮಗುವಿನ ವಯಸ್ಸು ತಿಳಿವಳಿಕೆಗಳಿಗೆ ಅನುಗುಣವಾಗಿ ಅದರ ಇಚ್ಛೆಯನ್ನು ಪರಿಗಣಿಸಬೇಕೆಂದು ೬೧ನೆಯ ಕಲಮು ವಿಧಿಸಿದೆ. ಸಂಬಂಧಿಕರೊಳಗಿನ ದತ್ತಕದಲ್ಲಂತೂ ಐದು ತುಂಬಿದ ಮಗುವಿನ ಸಮ್ಮತಿ ಪಡೆಯಲೇಬೇಕು. ನಂದಪಂಡಿತನು ಬಾಗಿಲು ಮುಚ್ಚಿದ ವಯಸ್ಸೂ ಐದೇ, ಇಂದು ಮಗುವಿನ ಬಾಯಿಂದ ಮಾತು ಕೇಳುವ ವಯಸ್ಸೂ ಐದೇ ಆಗಿರುವುದು ಕಾಕತಾಳೀಯ. ಸಮ್ಮತಿಯನ್ನು ಹೇಗೆ ಕೇಳುತ್ತಾರೆಂಬುದೇ ಇಲ್ಲಿ ಮುಖ್ಯ. ಹೊಸ ಬಟ್ಟೆ, ಸೈಕಲ್ಲು, ಪ್ರತ್ಯೇಕ ಕೋಣೆಗಳನ್ನು ತೋರಿಸಿ 'ಬರುವೆಯಾ?' ಎಂದರೆ ಬರುವೆನೆನ್ನದ ಮಗುವಿಲ್ಲ. ವಿಜ್ಞಾನೇಶ್ವರನು ಹೇಳಿದ ಧನಭೂಮಿಗಳ ಆಮಿಷವೇ ಅದು. ಅನುಭವಸ್ಥರಾದ ಕಾರ್ಯಕರ್ತರು ಒಂದೇ ಭೇಟಿಯಲ್ಲಿ ಉತ್ತರ ಕೇಳುವುದಿಲ್ಲ. ಈ ಮನೆಗೆ ಹೋದರೆ ತಮ್ಮನನ್ನು ನೋಡಲಾಗುವುದೇ, ತಾಯಿ ಹುಡುಕಿಕೊಂಡು ಬಂದರೆ ಯಾರು ಹೇಳುವರು ಎಂಬ ಪ್ರಶ್ನೆಗಳನ್ನು ಮಗುವೇ ಎತ್ತುವವರೆಗೆ ಕಾಯುತ್ತಾರೆ. ಈ ಪ್ರಶ್ನೆಗಳು ಹೊರಬಂದ ಮೇಲೆ ದೊರೆಯುವ ಸಮ್ಮತಿಯೇ ಸಮ್ಮತಿ.

ಮನೆಗೆ ಬಂದ ಮೇಲಿನ ಕಥೆ ಬೇರೆ. ಮೊದಲ ಕೆಲವು ವಾರ ಮಗು ಅತಿಥಿಯಂತೆ ವಿನಯದಿಂದಿರುತ್ತದೆ. ಆಮೇಲೆ ಪರೀಕ್ಷೆ ಆರಂಭವಾಗುತ್ತದೆ. ಪರೀಕ್ಷಕನು ಮಗು, ಪರೀಕ್ಷಾರ್ಥಿಗಳು ದೊಡ್ಡವರು. ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುವುದು, ಸುಳ್ಳು ಹೇಳುವುದು, ಎಂಟು ವರ್ಷದವಳು ಮೂರು ವರ್ಷದವಳಂತೆ ಹಠ ಹಿಡಿಯುವುದು, 'ನೀನು ನನ್ನ ಅಮ್ಮ ಅಲ್ಲ' ಎನ್ನುವುದು, ಇವೆಲ್ಲ ಕೆಟ್ಟ ರಕ್ತದ ಲಕ್ಷಣವೆಂದು ನೆಂಟರಿಷ್ಟರು ತೀರ್ಪು ಕೊಡುತ್ತಾರೆ. ಒಮ್ಮೆ ಕೈಬಿಡಲ್ಪಟ್ಟ ಮಗು ಮತ್ತೆ ಕೈಬಿಡುವಿರಾ ಎಂದು ಕೇಳುವ ರೀತಿಯಿದು. ಎಳವೆಯಲ್ಲಿ ತಾಯಿಯ ಮಡಿಲು ತಪ್ಪಿದರೆ ಮುಂದೆ ಮಮತೆ ಹುಟ್ಟದೆಂಬ ನಂಬಿಕೆ, ೧೯೫೧ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯ ತರುವಾಯ, ವಿದ್ವಾಂಸರಲ್ಲಿಯೂ ಬಲವಾಗಿತ್ತು. ಲಂಡನ್ನಿನ ಬಾರ್ಬರಾ ಟಿಜಾರ್ಡ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಶಿಶುವಿಹಾರಗಳಲ್ಲಿ ಬೆಳೆದು ಎರಡರಿಂದ ಏಳು ವರ್ಷದೊಳಗೆ ದತ್ತು ಹೋದ ಮಕ್ಕಳನ್ನೂ, ಹೆತ್ತವರಿಗೇ ಮರಳಿಸಲ್ಪಟ್ಟವರನ್ನೂ ಅವರು ವರ್ಷಗಟ್ಟಲೆ ಗಮನಿಸುತ್ತ ಬಂದರು. ದತ್ತು ಹೋದವರಲ್ಲಿ ಬಹುಪಾಲು ಮಕ್ಕಳು ಹೊಸ ತಾಯಿತಂದೆಗಳನ್ನು ಗಾಢವಾಗಿ ಹಚ್ಚಿಕೊಂಡರು; ಮನಸ್ಸಿಲ್ಲದ ಹೆತ್ತವರಿಗೆ ಮರಳಿದವರ ಸ್ಥಿ­ತಿಗಿಂತ ಇವರ ಸ್ಥಿತಿ ಮೇಲಾಗಿತ್ತು. ಶಾಲೆಯಲ್ಲಿ ಓರಗೆಯವರೊಡನೆ ಹೊಂದಿಕೊಳ್ಳುವ ತೊಂದರೆ ಮಾತ್ರ ಇಬ್ಬರಲ್ಲಿಯೂ ಉಳಿಯಿತು. ಮಮತೆಗೆ ಕಾಲ ಮೀರುವುದಿಲ್ಲ, ಆದರೆ ಹಿಂದಿನ ವರ್ಷಗಳು ಗುರುತು ಬಿಡದೆ ಹೋಗುವುದೂ ಇಲ್ಲ ಎಂಬುದು ಆ ಅಧ್ಯಯನದಿಂದ ತಿಳಿಯುವ ಸಂಗತಿ.

ಹೊರನಾಡ ಕನ್ನಡಿಗರು ಪ್ರತ್ಯೇಕವಾಗಿ ಆಲೋಚಿಸಬೇಕಾದ ಅಂಶ ಭಾಷೆ. ಪುಣೆಯ ಪಾಲನಾಗೃಹದಲ್ಲಿ ಬೆಳೆದ ಹುಡುಗ ಮರಾಠಿಯನ್ನೋ ಹಿಂದಿಯನ್ನೋ ಆಡುತ್ತ ಕನ್ನಡದ ಮನೆಗೆ ಬರುತ್ತಾನೆ. ಕಲಬುರಗಿಯ ಹುಡುಗಿ ದೆಹಲಿಯ ಹಿಂದಿ ಮನೆಗೆ ಹೋಗಬಹುದು. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ದೊಡ್ಡವರಾದ ಎಂಟು ಮಂದಿಯನ್ನು ಕ್ರಿಸ್ಟೋಫ್ ಪಾಲಿಯೆ ಮತ್ತು ಸಂಗಡಿಗರು ಪರೀಕ್ಷಿಸಿ ೨೦೦೩ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ಒಂದು ಕಾಲಕ್ಕೆ ನಿರರ್ಗಳವಾಗಿ ಆಡಿದ್ದ ಭಾಷೆಯನ್ನು ಅವರು ಇತರ ಪರಭಾಷೆಗಳಿಂದ ಬೇರ್ಪಡಿಸಿ ಗುರುತಿಸಲೂ ಆರದೆ ಹೋದರು. ಮಿದುಳಿನ ಚಿತ್ರಗಳಲ್ಲಿಯೂ ಅದರ ಸುಳಿವು ಸಿಗಲಿಲ್ಲ. ಹಸುಳೆತನದಲ್ಲಿಯೇ ಚೀನಾದಿಂದ ಕ್ವಿಬೆಕ್ಕಿನ ಫ್ರೆಂಚ್ ಮನೆಗಳಿಗೆ ಹೋದ ಹುಡುಗಿಯರನ್ನು ಪರೀಕ್ಷಿಸಿದ ೨೦೧೪ರ ಅಧ್ಯಯನವೊಂದರಲ್ಲಿ, ಅರ್ಥ ತಿಳಿಯದಿದ್ದರೂ ಚೀನೀ ಸ್ವರಭೇದಗಳಿಗೆ ಅವರ ಮಿದುಳು ಆ ಭಾಷಿಕರಂತೆಯೇ ಪ್ರತಿಕ್ರಿಯಿಸಿತೆಂದು ಕಂಡುಬಂದಿದೆ. ಒಳಗೆ ಏನೋ ಉಳಿದಿದೆ, ಆದರೆ ಅದನ್ನು ಆಡಲು ಬಾರದು. ಊರು ಬಿಟ್ಟವರ ಮಕ್ಕಳು ಕನ್ನಡ ಮರೆಯುವುದು ಸಂಘದ ಸಭೆಗಳಲ್ಲಿ ಹಳೆಯ ಅಳಲು. ಅಲ್ಲಿ ಮಗು ಮರೆತರೂ ನೆನಪಿಟ್ಟುಕೊಂಡು ಹೇಳುವ ಅಜ್ಜಿಯೊಬ್ಬಳಿರುತ್ತಾಳೆ. ದತ್ತು ಬಂದ ಮಗುವಿನ ಮೊದಲ ಏಳೆಂಟು ವರ್ಷಗಳಿಗೆ ಹೊಸ ಮನೆಯಲ್ಲಿ ಸಾಕ್ಷಿಯೇ ಇಲ್ಲ. ಜೋಗುಳ, ಬೈಗುಳ, ತಮ್ಮನನ್ನು ಕರೆಯುತ್ತಿದ್ದ ಅಡ್ಡಹೆಸರು, ಎಲ್ಲವೂ ಆ ಭಾಷೆಯಲ್ಲಿದ್ದುವು. ಮರಾಠಿ ಆಡುವ ಹುಡುಗನನ್ನು ಕರೆತಂದ ಕನ್ನಡ ಮನೆಯವರು ಕನ್ನಡ ಕಲಿಸುವ ಉತ್ಸಾಹದಲ್ಲಿ ಮರಾಠಿಯನ್ನು ಕಸಿದುಕೊಳ್ಳಕೂಡದು. ಮನೆಯಲ್ಲಿ ಒಬ್ಬರಾದರೂ ಅವನೊಡನೆ ಅವನ ಮಾತಿನಲ್ಲಿಯೇ ಮಾತಾಡುತ್ತಿರಬೇಕು.

ಹೆಸರಿನ ಮಾತೂ ಹೀಗೆಯೇ. ದತ್ತಕದ ಆಜ್ಞೆಯಾದ ಮೇಲೆ ಹೊಸ ತಾಯಿತಂದೆಗಳ ಹೆಸರಿನಲ್ಲಿ ಜನನಪತ್ರ ದೊರೆಯುತ್ತದೆ. ಜನಕಕುಲದ ಸಂಬಂಧ ಕಾನೂನಿನಲ್ಲಿ ಕಡಿದುಹೋಗುತ್ತದೆ. ಮೊದಲೇ ಪ್ರಾಪ್ತವಾಗಿದ್ದ ಆಸ್ತಿಯೇನಾದರೂ ಇದ್ದರೆ ಅದು ಮಾತ್ರ ಮಗುವಿನದಾಗಿಯೇ ಉಳಿಯುತ್ತದೆ. ಕುಲನಾಮ ಬದಲಾಗುವುದು ಸಹಜ. ಕರೆಯುವ ಹೆಸರನ್ನು, ಅದು ತಮ್ಮ ಕಿವಿಗೆ ಒರಟಾಗಿ ಕೇಳಿಸಿತೆಂಬ ಒಂದೇ ಕಾರಣಕ್ಕೆ ಬದಲಿಸುವ ಪಾಲಕರಿದ್ದಾರೆ. ಹೆತ್ತವರು ಕೊಟ್ಟುಹೋದ ವಸ್ತುಗಳಲ್ಲಿ ಆ ಮಗುವಿನ ಬಳಿ ಉಳಿದಿರುವುದು ಬಹಳ ಸಲ ಅದೊಂದೇ. ಶುನಃಶೇಪನು ದೇವರಾತನಾದರೂ ಪರಂಪರೆಯು ಅವನನ್ನು ಶುನಃಶೇಪನೆಂದೇ ನೆನೆಯುತ್ತ ಬಂದಿದೆ.

ಎಲ್ಲ ಮನೆಗಳಲ್ಲಿಯೂ ಸಂಬಂಧ ನಿಲ್ಲುವುದಿಲ್ಲ. ೧೯೫೬ರ ಅಧಿನಿಯಮದಂತೆ ಕ್ರಮಬದ್ಧವಾದ ದತ್ತಕವನ್ನು ಯಾರೂ ರದ್ದುಪಡಿಸುವಂತಿಲ್ಲ. ಪ್ರಾಧಿಕಾರದ ನಿಯಮಾವಳಿಯಲ್ಲಿ, ಆಜ್ಞೆಗೆ ಮೊದಲು ಸಂಬಂಧ ಮುರಿದರೆ ಏನು, ಆಮೇಲೆ ಮುರಿದರೆ ಏನು ಎಂಬ ಎರಡಕ್ಕೂ ವಿಧಾನ ಹೇಳಿದೆ. ಮರಳಿ ಬರುವವರಲ್ಲಿ ಬೆಳೆದ ಮಕ್ಕಳೇ ಹೆಚ್ಚು. ಎರಡನೆಯ ಸಲ ಕೈಬಿಡಲ್ಪಟ್ಟ ಮಗುವಿಗೆ ಮೂರನೆಯ ಮನೆಯನ್ನು ನಂಬಿಸುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಜ್ಞೆಗೆ ಮೊದಲು ದತ್ತಪೂರ್ವ ಪೋಷಣೆಯ ಅವಧಿಯೊಂದನ್ನು ಇಟ್ಟಿರುವುದೂ, ಆಮೇಲೆ ಎರಡು ವರ್ಷ ಆರು ತಿಂಗಳಿಗೊಮ್ಮೆ ಕಾರ್ಯಕರ್ತರು ಬಂದು ನೋಡುವಂತೆ ಮಾಡಿರುವುದೂ ಇದಕ್ಕಾಗಿಯೇ. ಅನೇಕ ಪಾಲಕರು ಈ ಭೇಟಿಗಳನ್ನು ತನಿಖೆಯೆಂದು ತಿಳಿದು ಎಲ್ಲವೂ ಚೆನ್ನಾಗಿದೆಯೆಂದು ವರದಿ ಬರೆಸಿ ಕಳುಹಿಸುತ್ತಾರೆ. ಚಪಾತಿ ಬಚ್ಚಿಡುವ ವಿಷಯವನ್ನು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ಹದಿನೆಂಟು ತುಂಬಿದ ಮೇಲೆ ದತ್ತಕನು ತನ್ನ ಮೂಲವನ್ನು ಶೋಧಿಸಲು ತಾನೇ ಅರ್ಜಿ ಸಲ್ಲಿಸಬಹುದು; ಅದಕ್ಕೆ ಮೊದಲಾದರೆ ಪಾಲಕರೊಡಗೂಡಿ ಸಲ್ಲಿಸಬೇಕು. ಕೂಸಾಗಿ ಬಂದವನಿಗೆ ಆ ಕಡತವೇ ಸರ್ವಸ್ವ. ಎಂಟು ವರ್ಷಕ್ಕೆ ಬಂದವನಿಗೆ ಕಡತಕ್ಕಿಂತ ಹೆಚ್ಚು ತಾನೇ ಗೊತ್ತಿರುತ್ತದೆ, ಮರೆಯುವ ಮೊದಲು ಯಾರಾದರೂ ಬರೆದಿಟ್ಟಿದ್ದರೆ. ಕೆಲವು ಸಂಸ್ಥೆಗಳು ಮಗು ಮನೆಗೆ ಹೊರಡುವ ಮುನ್ನ ಅದರ ಬಾಯಿಂದಲೇ ಕೇಳಿ, ಇದ್ದ ಊರು, ಶಾಲೆ, ಒಡಹುಟ್ಟಿದವರು, ಸಾಕಿದ ಆಯಾ ಇವರ ಹೆಸರುಗಳನ್ನೂ ಸಿಕ್ಕಿದ ಭಾವಚಿತ್ರಗಳನ್ನೂ ಒಂದು ಪುಸ್ತಕದಲ್ಲಿ ಅಂಟಿಸಿ ಕೊಡುತ್ತವೆ. ಕೊಡದ ಕಡೆ ಪಾಲಕರೇ ಮೊದಲ ತಿಂಗಳಲ್ಲಿ, ಮಗುವಿನ ಭಾಷೆಯಲ್ಲಿಯೇ, ಅಂಥದೊಂದನ್ನು ಬರೆದಿಡಬಹುದು. ಅಗ್ಗದ ಬರಹದ ಪುಸ್ತಕವಾದರೂ ಸಾಕು. ಅದು ಮಗುವಿನ ಕಪಾಟಿನಲ್ಲಿ, ಮಗುವಿನ ಕೈಗೆ ಸಿಗುವ ಕಡೆ ಇರಬೇಕು.